ಕಂಪ್ಯೂಟರ್ ಕೆಲಸಗಾರರ ಕತ್ತು, ಭುಜ, ಬೆನ್ನುನೋವು: ಯೋಗದಿಂದ ಏನು ಸಾಧ್ಯ, ನಮ್ಮಿಂದ ಏನು ಸಾಧ್ಯ

(ಪುಣೆಯಲ್ಲಿ ನಡೆದ ನಮ್ಮ ಸಂಘದ ವೈದ್ಯಕೀಯ ನೆರವು ನಿಧಿಯ ದಾನಿಗಳ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ. ಉಪನ್ಯಾಸಕರು ಸಂಘದ ಭಾನುವಾರದ ಉಚಿತ ಸಲಹಾ ಕೇಂದ್ರದಲ್ಲಿ ಸೇವೆ ಸಲ್ಲಿಸುತ್ತಿರುವ ಫಿಸಿಯೋಥೆರಪಿಸ್ಟ್.)



ಈ ನಿಧಿಯ ಸಭೆಯಲ್ಲಿ ಸಾಮಾನ್ಯವಾಗಿ ಹೃದಯದ ಶಸ್ತ್ರಚಿಕಿತ್ಸೆ, ಡಯಾಲಿಸಿಸ್, ಕ್ಯಾನ್ಸರ್, ಅಪಘಾತ ಇಂಥ ದೊಡ್ಡ ವಿಷಯಗಳ ಮಾತು ಬರುತ್ತದೆ. ಅದು ಸರಿಯೇ. ಜೀವ ಉಳಿಸುವ ಕೆಲಸ ಮೊದಲು. ಅವುಗಳ ನಡುವೆ ಕತ್ತುನೋವು, ಸೊಂಟನೋವು ಎಂದರೆ ನಿಮಗೆ ಸಣ್ಣ ವಿಷಯ ಅನ್ನಿಸಬಹುದು. ‘ಅಷ್ಟಕ್ಕೆಲ್ಲ ಸಂಘದ ತನಕ ಬರಬೇಕೆ, ಒಂದು ಮುಲಾಮು ಹಚ್ಚಿಕೊಂಡರೆ ಆಯಿತಲ್ಲ’ ಎನ್ನುವವರೂ ಇದ್ದಾರೆ. ಆದರೆ ನಮ್ಮ ಭಾನುವಾರದ ಸಲಹಾ ಕೇಂದ್ರದ ಬಾಗಿಲಲ್ಲಿ ಕುಳಿತು ನೋಡಿ. ನಲವತ್ತು ದಾಟದವರು, ಕೆಲವೊಮ್ಮೆ ಮೂವತ್ತೂ ದಾಟದವರು, ಒಂದು ಕೈಯಿಂದ ಇನ್ನೊಂದು ಕೈಯನ್ನು ನೀವಿಕೊಳ್ಳುತ್ತಾ ಬರುತ್ತಾರೆ. ಅವರ ಜೀವಕ್ಕೆ ಅಪಾಯವಿಲ್ಲ, ನಿಜ. ಅಪಾಯ ಇರುವುದು ಅವರ ಜೀವನೋಪಾಯಕ್ಕೆ. ಊರಿಂದ ಬಂದು ಬಾಡಿಗೆ ಮನೆಯಲ್ಲಿ ಇರುವವರಿಗೆ, ಎರಡು ತಿಂಗಳು ಕೈ ನಿಂತರೆ ಮೂರನೆಯ ತಿಂಗಳು ಮನೆಯೇ ನಿಲ್ಲುತ್ತದೆ. ಹಾಗಾಗಿ ಇಂದು ಈ ವಿಷಯವನ್ನೇ ಆರಿಸಿಕೊಂಡಿದ್ದೇನೆ.

ಯಾರು ಈ ಕಂಪ್ಯೂಟರ್ ಕೆಲಸಗಾರರು?

ಈ ಮಾತು ಕೇಳಿದೊಡನೆ ನಮ್ಮ ಕಣ್ಣ ಮುಂದೆ ಬರುವುದು ಹಿಂಜವಡಿಯ ಗಾಜಿನ ಕಟ್ಟಡಗಳು, ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಎಂಜಿನಿಯರುಗಳು. ಅವರಿಗೂ ನೋವಿದೆ. ಆದರೆ ಅವರಿಗೆ ಕಂಪನಿಯ ವಿಮೆ ಇರುತ್ತದೆ, ಎತ್ತರ ತಗ್ಗು ಮಾಡುವ ಕುರ್ಚಿ ಇರುತ್ತದೆ, ರಜೆಯೂ ಇರುತ್ತದೆ. ನನ್ನ ಮನಸ್ಸಿನಲ್ಲಿ ಇರುವವರು ಬೇರೆ. ಮುದ್ರಣದ ಕೆಲಸಕ್ಕೆ ಪುಟಕ್ಕಿಷ್ಟು ಎಂದು ಡಿಟಿಪಿ ಮಾಡಿಕೊಡುವ ಹೆಣ್ಣುಮಗಳು. ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಬೆಳಗಿನ ಇಡ್ಲಿಯಿಂದ ರಾತ್ರಿಯ ಊಟದವರೆಗೆ ಬಿಲ್ಲು ಒತ್ತುವ ಹುಡುಗ. ನಾಲ್ಕು ಅಂಗಡಿಗಳ ಲೆಕ್ಕವನ್ನು ಟ್ಯಾಲಿಯಲ್ಲಿ ಬರೆಯುವ ಗುಮಾಸ್ತರು. ಕಾಲ್ ಸೆಂಟರಿನ ರಾತ್ರಿ ಪಾಳಿಯವರು. ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮನೆಯಿಂದಲೇ ಡೇಟಾ ಎಂಟ್ರಿ ಮಾಡುವ ಗೃಹಿಣಿಯರು. ಇವರೂ ಕಂಪ್ಯೂಟರ್ ಕೆಲಸಗಾರರೇ. 2020ರ ಲಾಕ್‌ಡೌನ್ ನಂತರ ಊಟದ ಮೇಜು, ಹಾಸಿಗೆ, ಅಡುಗೆಮನೆಯ ಕಟ್ಟೆ ಎಲ್ಲವೂ ಕಚೇರಿಗಳಾದವು. ಆಗ ಕಚೇರಿ ಮನೆಗೆ ಬಂತು, ಕಚೇರಿಯ ಕುರ್ಚಿ ಮಾತ್ರ ಬರಲಿಲ್ಲ.

ಕೈ ಕೆಸರಾದರೆ ಬಾಯಿ ಮೊಸರು ಎಂದು ನಮ್ಮ ಹಿರಿಯರು ಹೇಳಿದರು. ಈಗಿನ ಕೆಲಸದಲ್ಲಿ ಕೈ ಕೆಸರಾಗುವುದಿಲ್ಲ. ಅದಕ್ಕೇ ಅದು ದೈಹಿಕ ಶ್ರಮ ಎಂದು ಯಾರಿಗೂ ಅನ್ನಿಸುವುದಿಲ್ಲ, ಮಾಡುವವರಿಗೂ ಅನ್ನಿಸುವುದಿಲ್ಲ. ತಪ್ಪು ಇಲ್ಲೇ ಆರಂಭವಾಗುತ್ತದೆ.

ಕುಳಿತವರಿಗೆ ನೋವೇಕೆ?

‘ಗದ್ದೆ ಉಳುವವರಿಗೆ ಮೈನೋವು ಬಂದರೆ ಅರ್ಥವಿದೆ. ಸುಮ್ಮನೆ ಕುಳಿತವನಿಗೆ ಏಕೆ?’ ಎಂದು ಒಬ್ಬ ಹಿರಿಯರು ಕೇಳಿದರು. ಒಳ್ಳೆಯ ಪ್ರಶ್ನೆ.

ನಮ್ಮ ಸ್ನಾಯು ಬಿಗಿದು ಸಡಿಲಿಸುತ್ತಾ ಇದ್ದರೆ ಅದರೊಳಗೆ ರಕ್ತ ಚೆನ್ನಾಗಿ ಹರಿಯುತ್ತದೆ. ನಡೆಯುವಾಗ, ನೀರು ಸೇದುವಾಗ, ರೊಟ್ಟಿ ಬಡಿಯುವಾಗ ಆಗುವುದು ಇದೇ. ಆದರೆ ಒಂದೇ ಸ್ಥಿತಿಯಲ್ಲಿ ಬಿಗಿಹಿಡಿದು ಕುಳಿತರೆ ಆ ಸ್ನಾಯುವಿನೊಳಗಿನ ಸಣ್ಣ ರಕ್ತನಾಳಗಳು ಒತ್ತಿಹೋಗುತ್ತವೆ. ರಕ್ತ ಕಡಿಮೆಯಾಗುತ್ತದೆ, ದಣಿವು ಕಳೆಯುವುದಿಲ್ಲ. ತುಂಬಿದ ಕೊಡವನ್ನು ಹೊತ್ತು ನಡೆಯುವುದು ಸುಲಭ, ಅದೇ ಕೊಡವನ್ನು ಕೈ ಚಾಚಿ ಹಿಡಿದು ಅಲ್ಲಾಡದೆ ನಿಲ್ಲುವುದು ಕಷ್ಟ. ಮೌಸ್ ಹಿಡಿದ ಕೈಯ ಭುಜ ದಿನವಿಡೀ ಮಾಡುವುದು ಈ ಎರಡನೆಯ ಕೆಲಸವನ್ನು.

ಇನ್ನು ತಲೆ. ವಯಸ್ಕರ ತಲೆಯ ತೂಕ ಸುಮಾರು ನಾಲ್ಕೂವರೆಯಿಂದ ಐದು ಕಿಲೋ. ಅದು ಕತ್ತಿನ ಏಳು ಮೂಳೆಗಳ ನೇರಕ್ಕೆ ಇದ್ದರೆ ಭಾರವೇ ತಿಳಿಯುವುದಿಲ್ಲ. ಮುಂದಕ್ಕೆ ಬಾಗಿದಷ್ಟೂ ಹಿಂಭಾಗದ ಸ್ನಾಯುಗಳು ಹೆಚ್ಚು ಜಗ್ಗಬೇಕಾಗುತ್ತದೆ. 2014ರಲ್ಲಿ ಅಮೆರಿಕದ ಬೆನ್ನುಮೂಳೆಯ ಶಸ್ತ್ರವೈದ್ಯರೊಬ್ಬರು ಒಂದು ಲೆಕ್ಕ ಪ್ರಕಟಿಸಿದರು. ತಲೆ 30 ಡಿಗ್ರಿ ಬಾಗಿದರೆ ಕತ್ತಿನ ಮೇಲೆ ಸುಮಾರು 18 ಕಿಲೋ, 60 ಡಿಗ್ರಿ ಬಾಗಿದರೆ ಸುಮಾರು 27 ಕಿಲೋ ಭಾರ ಬಿದ್ದಂತೆ. ಇದು ಗಣಿತದ ಮಾದರಿಯ ಲೆಕ್ಕ, ಮನುಷ್ಯರ ಕತ್ತಿನಲ್ಲಿ ಅಳತೆ ಇಟ್ಟು ನೋಡಿದ್ದಲ್ಲ. ಆದರೂ ವಿಷಯ ಮನದಟ್ಟಾಗುತ್ತದೆ. ಮಡಿಲಲ್ಲಿ ಮೊಬೈಲ್ ಇಟ್ಟು ನೋಡುವವರು ಹೊತ್ತಿರುವುದು ಒಂದು ಅಕ್ಕಿ ಮೂಟೆಯನ್ನು.

ಸೊಂಟದ ಕಥೆ ಇನ್ನೊಂದು ಬಗೆಯದು. ಬೆನ್ನುಮೂಳೆಗಳ ನಡುವಿನ ಡಿಸ್ಕುಗಳಿಗೆ ದೊಡ್ಡವರಾದ ಮೇಲೆ ನೇರ ರಕ್ತದ ಪೂರೈಕೆ ತೀರಾ ಕಡಿಮೆ. ಒತ್ತಿ ಬಿಟ್ಟಾಗ ಸ್ಪಂಜು ನೀರು ಹೀರುವಂತೆ, ಅವು ಚಲನೆಯಿಂದ ಪೋಷಣೆ ಪಡೆಯುತ್ತವೆ. ಕೀಲುಗಳ ಮೃದ್ವಸ್ಥಿಯೂ ಹಾಗೆಯೇ. ಕೀಲಿನ ದ್ರವ ಓಡಾಡಲು ಕೀಲು ಅಲ್ಲಾಡಬೇಕು. ಕುಳಿತೇ ಇದ್ದರೆ ತೊಡೆಯ ಹಿಂಭಾಗದ ಸ್ನಾಯು ಮತ್ತು ಸೊಂಟದ ಮುಂಭಾಗದ ಸ್ನಾಯು ಗಿಡ್ಡವಾಗುತ್ತಾ, ಪೃಷ್ಠದ ಸ್ನಾಯು ಸೋಮಾರಿಯಾಗುತ್ತಾ ಹೋಗುತ್ತದೆ. ಆಮೇಲೆ ಒಂದು ದಿನ ಬಕೆಟ್ ಎತ್ತಲು ಬಗ್ಗಿದಾಗ ಸೊಂಟ ಹಿಡಿಯುತ್ತದೆ. ನಾವು ಬಕೆಟ್ಟನ್ನು ಬೈಯುತ್ತೇವೆ.

ಮಣಿಕಟ್ಟಿನಲ್ಲಿ ಮೂಳೆ ಮತ್ತು ಗಟ್ಟಿ ಪಟ್ಟಿಯ ನಡುವೆ ಒಂದು ಕಿರಿದಾದ ಸುರಂಗವಿದೆ. ಬೆರಳುಗಳನ್ನು ಮಡಿಸುವ ಒಂಬತ್ತು ಸ್ನಾಯುರಜ್ಜುಗಳೂ ಒಂದು ನರವೂ ಅದರೊಳಗೆ ಹಾಯುತ್ತವೆ. ಅಲ್ಲಿ ಬಾವು ಬಂದರೆ ಮೊದಲು ಒತ್ತಡಕ್ಕೆ ಸಿಗುವುದು ಆ ನರ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತವೆ. ರಾತ್ರಿ ಎಚ್ಚರವಾಗಿ ಕೈ ಒದರಬೇಕಾಗುತ್ತದೆ. ಇದಕ್ಕೆ ಕಾರ್ಪಲ್ ಟನಲ್ ಸಿಂಡ್ರೋಮ್ ಎಂದು ಹೆಸರು. ಕಂಪ್ಯೂಟರ್ ಒಂದೇ ಇದಕ್ಕೆ ಕಾರಣ ಎನ್ನಲಾಗದು. ಮಧುಮೇಹ, ಥೈರಾಯ್ಡ್ ಕೊರತೆ, ಗರ್ಭಿಣಿಯ ಸ್ಥಿತಿ ಇವುಗಳಲ್ಲೂ ಬರುತ್ತದೆ. ಹಾಗಾಗಿ ಕೈ ಜೋಮು ಎಂದವರಿಗೆ ನಾವು ಮೊದಲು ರಕ್ತಪರೀಕ್ಷೆ ಮಾಡಿಸಿ ಎನ್ನುತ್ತೇವೆ.

ನಮ್ಮ ನೆರೆಯಲ್ಲೇ ಇದ್ದ ಉತ್ತರ

ಪುಣೆಯ ಕನ್ನಡಿಗರಾದ ನಮಗೆ ಯೋಗದ ಮಾತು ದೂರದ್ದಲ್ಲ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರ ಡಿಸೆಂಬರ್ 14ರಂದು ಹುಟ್ಟಿದ ಒಬ್ಬ ರೋಗಿಷ್ಠ ಹುಡುಗ, ಕ್ಷಯ, ಟೈಫಾಯ್ಡ್, ಮಲೇರಿಯಾಗಳಿಂದ ಕೃಶನಾದವನು, ಮೈಸೂರಿನಲ್ಲಿ ತನ್ನ ಅಕ್ಕನ ಗಂಡ ತಿರುಮಲೈ ಕೃಷ್ಣಮಾಚಾರ್ಯರ ಬಳಿ ಯೋಗ ಕಲಿತ. ಕೃಷ್ಣಮಾಚಾರ್ಯರೂ ಚಿತ್ರದುರ್ಗದ ಕಡೆಯವರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆ ನಡೆಸುತ್ತಿದ್ದರು. ಆ ಹುಡುಗನನ್ನು ಅವರು 1937ರಲ್ಲಿ ಕೆಲವು ತಿಂಗಳ ಮಟ್ಟಿಗೆ ಯೋಗ ಕಲಿಸಲು ಪುಣೆಗೆ ಕಳಿಸಿದರು. ಹೋದವರು ತಿರುಗಿ ಬರಲಿಲ್ಲ. 2014ರ ಆಗಸ್ಟ್ 20ರಂದು ಕಣ್ಣು ಮುಚ್ಚುವವರೆಗೆ ಬಿ.ಕೆ.ಎಸ್. ಅಯ್ಯಂಗಾರರು ಪುಣೆಯವರಾಗಿಯೇ ಉಳಿದರು. ಪತ್ನಿಯ ನೆನಪಿನಲ್ಲಿ ಅವರು ಕಟ್ಟಿದ ರಮಾಮಣಿ ಅಯ್ಯಂಗಾರ್ ಸ್ಮಾರಕ ಯೋಗ ಸಂಸ್ಥೆ 1975ರಿಂದ ಇದೇ ಊರಿನಲ್ಲಿದೆ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದು ಬಾಡಿಗೆ ಕೋಣೆಯಲ್ಲಿ ಕಷ್ಟಪಟ್ಟ ವಲಸೆಗಾರರ ಸಾಲಿನಲ್ಲಿ ಅವರೂ ಒಬ್ಬರು.

ಅವರ ಜೀವನದ ಒಂದು ಸಂಗತಿ ನಮ್ಮ ಇಂದಿನ ವಿಷಯಕ್ಕೆ ನೇರ ಸಂಬಂಧಿಸಿದ್ದು. 1952ರಲ್ಲಿ ಜಗತ್ಪ್ರಸಿದ್ಧ ಪಿಟೀಲುವಾದಕ ಯೆಹೂದಿ ಮೆನುಹಿನ್ ಭಾರತಕ್ಕೆ ಬಂದಾಗ ಮುಂಬಯಿಯಲ್ಲಿ ಅಯ್ಯಂಗಾರರನ್ನು ಕಂಡರು. ಪಿಟೀಲು ನುಡಿಸುವವರ ಕೆಲಸ ಹೇಗಿರುತ್ತದೆ ನೋಡಿ. ಕತ್ತು ಒಂದು ಕಡೆ ವಾಲಿರುತ್ತದೆ, ಭುಜ ಎತ್ತಿರುತ್ತದೆ, ಬೆರಳುಗಳು ಗಂಟೆಗಟ್ಟಲೆ ಸಣ್ಣ ಸಣ್ಣ ಚಲನೆ ಮಾಡುತ್ತಿರುತ್ತವೆ. ಕೀಬೋರ್ಡಿನ ಕೆಲಸಕ್ಕೆ ಇದು ಅಣ್ಣನಂಥದ್ದು. ಮೆನುಹಿನ್ ಅವರ ಬಳಿ ಅಭ್ಯಾಸ ಮಾಡಿದರು, 1954ರಲ್ಲಿ ಸ್ವಿಟ್ಜರ್ಲೆಂಡಿಗೆ ಕರೆಸಿಕೊಂಡರು, ತನಗೆ ಪಿಟೀಲು ಕಲಿಸಿದವರಲ್ಲೇ ಇವರು ಶ್ರೇಷ್ಠರು ಎಂಬರ್ಥದ ಮಾತು ಕೆತ್ತಿಸಿದ ಕೈಗಡಿಯಾರವನ್ನು ಕಾಣಿಕೆಯಾಗಿ ಕೊಟ್ಟರು. ಪಿಟೀಲನ್ನೇ ಮುಟ್ಟದವರಿಗೆ ಈ ಬಿರುದು!

ಅಯ್ಯಂಗಾರರ ದೊಡ್ಡ ಕೊಡುಗೆ ಎಂದರೆ ಬಾಗದ ದೇಹಕ್ಕೂ ಯೋಗವನ್ನು ತಲುಪಿಸಿದ್ದು. ಮರದ ಇಟ್ಟಿಗೆ, ಪಟ್ಟಿ, ಗೋಡೆಗೆ ಕಟ್ಟಿದ ಹಗ್ಗ, ಮಡಿಸಿದ ಕಂಬಳಿ, ಸಾಧಾರಣ ಕಬ್ಬಿಣದ ಕುರ್ಚಿ ಇವನ್ನೆಲ್ಲ ಅವರು ಆಸನದ ಸಾಧನಗಳಾಗಿ ಮಾಡಿದರು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಕೈಚೆಲ್ಲಿದವರಿಗೆ ಇದು ಉತ್ತರ. ಮರ ಬಗ್ಗದಿದ್ದರೆ ನೆಲವನ್ನೇ ಎತ್ತರಿಸಿ ಕೊಡೋಣ!

ಅಧ್ಯಯನಗಳು ಏನು ಹೇಳುತ್ತವೆ?

ನಾನು ಆಸ್ಪತ್ರೆಯ ಶಿಸ್ತಿನಲ್ಲಿ ಕಲಿತವ. ಭಕ್ತಿಯಿಂದ ಮಾತ್ರ ಶಿಫಾರಸು ಮಾಡಲಾರೆ. ಅದಕ್ಕೇ ಎರಡು ಅಧ್ಯಯನಗಳ ವಿಷಯ ಹೇಳುತ್ತೇನೆ.

ಮೊದಲನೆಯದು ಬೆಂಗಳೂರಿನದು. ಶಿರ್ಲಿ ಟೆಲ್ಲಸ್ ಮತ್ತು ಸಂಗಡಿಗರು ಒಂದು ಸಾಫ್ಟ್‌ವೇರ್ ಕಂಪನಿಯ 291 ಕಂಪ್ಯೂಟರ್ ಕೆಲಸಗಾರರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆ ಒಂದು ಗಂಟೆ, ವಾರಕ್ಕೆ ಐದು ದಿನದಂತೆ 60 ದಿನಗಳ ಕಾಲ ಯೋಗ. ಇನ್ನೊಂದು ಗುಂಪು ತನ್ನ ಎಂದಿನ ದಿನಚರಿಯಲ್ಲಿ. 2009ರಲ್ಲಿ ಫಲಿತಾಂಶ ಪ್ರಕಟವಾಯಿತು. ಯೋಗ ಮಾಡಿದವರಲ್ಲಿ ಸ್ನಾಯು ಮತ್ತು ಕೀಲುಗಳ ನೋವು ಎಷ್ಟು ಸಲ ಬರುತ್ತಿತ್ತು, ಎಷ್ಟು ತೀವ್ರವಾಗಿತ್ತು, ಕೆಲಸಕ್ಕೆ ಎಷ್ಟು ಅಡ್ಡಿಯಾಗುತ್ತಿತ್ತು ಈ ಮೂರೂ ಕಡಿಮೆಯಾದವು. ಎರಡೂ ಕೈಗಳ ಹಿಡಿತದ ಬಲ ಹೆಚ್ಚಿತು, ಕೆಳಬೆನ್ನು ಹೆಚ್ಚು ಬಾಗತೊಡಗಿತು. ನನಗೆ ಮುಖ್ಯ ಅನ್ನಿಸಿದ್ದು ಇನ್ನೊಂದು ಗುಂಪಿನ ಫಲಿತಾಂಶ. ಏನೂ ಮಾಡದೆ ಇದ್ದವರಲ್ಲಿ ಆ ಎರಡು ತಿಂಗಳಲ್ಲೇ ನೋವು ಹೆಚ್ಚಾಗಿತ್ತು. ಅಂದರೆ ಸುಮ್ಮನೆ ಬಿಟ್ಟರೆ ಇದು ನಿಂತಲ್ಲೇ ನಿಲ್ಲುವ ತೊಂದರೆಯಲ್ಲ.

ಎರಡನೆಯದು ಅಮೆರಿಕದ ಫಿಲಡೆಲ್ಫಿಯಾದ್ದು. ಅಯ್ಯಂಗಾರರ ಶಿಷ್ಯೆ ಮರಿಯನ್ ಗಾರ್ಫಿಂಕಲ್ ಮತ್ತು ಸಂಗಡಿಗರು ಕಾರ್ಪಲ್ ಟನಲ್ ತೊಂದರೆಯಿದ್ದ 42 ಜನರ ಮೇಲೆ ಮಾಡಿದ್ದು, 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ವಾರಕ್ಕೆ ಎರಡು ಸಲ, ಎಂಟು ವಾರ, ಮೇಲ್ಭಾಗದ ಕೀಲುಗಳಿಗಾಗಿ ಆರಿಸಿದ 11 ಆಸನಗಳು ಮತ್ತು ವಿಶ್ರಾಂತಿ. ಉಳಿದವರಿಗೆ ಮಣಿಕಟ್ಟಿನ ಪಟ್ಟಿ. ಯೋಗದ ಗುಂಪಿನಲ್ಲಿ ಹಿಡಿತ ಬಲವಾಯಿತು, ನೋವು ಇಳಿಯಿತು. ಆದರೆ ನರದ ಪರೀಕ್ಷೆಯಲ್ಲಿ ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಇವೆರಡರಿಂದ ನಾವು ತಿಳಿಯಬೇಕಾದದ್ದು ಇಷ್ಟು. ಯೋಗದಿಂದ ನೋವು ಕಡಿಮೆಯಾಗುತ್ತದೆ, ಶಕ್ತಿ ಹೆಚ್ಚುತ್ತದೆ ಎನ್ನಲು ಆಧಾರವಿದೆ. ಒತ್ತಿಹೋದ ನರವನ್ನು ಯೋಗ ಬಿಡಿಸಿಬಿಡುತ್ತದೆ ಎನ್ನಲು ಆಧಾರವಿಲ್ಲ. ಮೊದಲನೆಯದನ್ನು ಧೈರ್ಯವಾಗಿ ಹೇಳೋಣ, ಎರಡನೆಯದನ್ನು ಹೇಳದಿರೋಣ.

ಆಸನಕ್ಕೆ ಮೊದಲು ಆಸನ

ಯೋಗಾಸನಕ್ಕಿಂತ ಮೊದಲು ನೋಡಬೇಕಾದದ್ದು ಕುಳಿತುಕೊಳ್ಳುವ ಆಸನ. ಬೆಳಿಗ್ಗೆ ಅರ್ಧ ಗಂಟೆ ಯೋಗ ಮಾಡಿ ಹತ್ತು ಗಂಟೆ ಗೂನಾಗಿ ಕುಳಿತರೆ ಸೋರುವ ಕೊಡಕ್ಕೆ ನೀರು ತುಂಬಿದಂತೆ. ಎರಡೂ ಪಾದ ನೆಲಕ್ಕೆ ಊರಬೇಕು, ಊರದಿದ್ದರೆ ಕೆಳಗೊಂದು ಮಣೆ. ಸೊಂಟ ಮಂಡಿಗಿಂತ ತಗ್ಗಿನಲ್ಲಿ ಇರಬಾರದು. ಕೆಳಬೆನ್ನಿನ ಹಿಂದೆ ಸುತ್ತಿದ ಟವೆಲ್ ಸಾಕು. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ, ದೂರ ಒಂದು ತೋಳಿನಷ್ಟು. ಮೊಣಕೈ ಪಕ್ಕೆಯ ಹತ್ತಿರ, ಮಣಿಕಟ್ಟು ನೇರ. ಲ್ಯಾಪ್‌ಟಾಪಿನಲ್ಲಿ ಪರದೆ ಎತ್ತರವಾದರೆ ಕೀಲಿಮಣೆಯೂ ಎತ್ತರವಾಗುತ್ತದೆ. ಅದಕ್ಕೇ ಕೆಳಗೆ ನಾಲ್ಕು ಹಳೆಯ ದೀಪಾವಳಿ ವಿಶೇಷಾಂಕ ಇಟ್ಟು, ಬೇರೊಂದು ಕೀಬೋರ್ಡ್ ಜೋಡಿಸಿಕೊಳ್ಳಿ. ವಿಶೇಷಾಂಕ ಓದಿ ಮುಗಿಸಿದ್ದಾಗಿರಲಿ!

ಎಲ್ಲಕ್ಕಿಂತ ಮುಖ್ಯವಾಗಿ, ಎಷ್ಟೇ ಒಳ್ಳೆಯ ಕುರ್ಚಿಯಾದರೂ ಅರ್ಧ ಮುಕ್ಕಾಲು ಗಂಟೆಗೊಮ್ಮೆ ಎದ್ದು ಒಂದೆರಡು ನಿಮಿಷ ನಡೆಯಬೇಕು. ಇಪ್ಪತ್ತು ನಿಮಿಷಕ್ಕೊಮ್ಮೆ ಕಣ್ಣನ್ನು ಪರದೆಯಿಂದ ತೆಗೆದು ದೂರದ ಮರವನ್ನೋ ಎದುರು ಮನೆಯ ಬಾಲ್ಕನಿಯನ್ನೋ ನೋಡಿ, ಹತ್ತಾರು ಸಲ ಕಣ್ಣು ಮಿಟುಕಿಸಿ. ಪರದೆ ನೋಡುವಾಗ ನಾವು ಮಿಟುಕಿಸುವುದು ಕಡಿಮೆ. ಕಣ್ಣು ಉರಿದಾಗ ತಲೆಯನ್ನು ಮುಂದಕ್ಕೆ ಚಾಚುತ್ತೇವೆ. ಆಗ ಕಣ್ಣಿನ ತೊಂದರೆ ಕತ್ತಿಗೆ ಇಳಿಯುತ್ತದೆ. ಕನ್ನಡಕದ ನಂಬರ್ ಬದಲಾಗಿದೆಯೇ ನೋಡಿಸಿಕೊಳ್ಳಿ.

ಕುರ್ಚಿಯಲ್ಲೇ ಆರು ಅಭ್ಯಾಸ

ಈಗ ನಾವೆಲ್ಲರೂ ಕುಳಿತಲ್ಲೇ ಮಾಡೋಣ. ಇದಕ್ಕೆ ಚಾಪೆ ಬೇಡ, ಬಟ್ಟೆ ಬದಲಿಸುವುದು ಬೇಡ. ಒಟ್ಟು ಎಂಟು ಹತ್ತು ನಿಮಿಷ. ಕುರ್ಚಿಗೆ ಚಕ್ರ ಇದ್ದರೆ ಗೋಡೆಗೆ ಒತ್ತಿಡಿ.

ಒಂದು, ಕತ್ತು. ನೇರ ಕುಳಿತು ಗಲ್ಲವನ್ನು ಸ್ವಲ್ಪ ಒಳಕ್ಕೆ ಎಳೆದುಕೊಳ್ಳಿ, ಯಾರೋ ನಿಮ್ಮ ನೆತ್ತಿಯ ಜುಟ್ಟನ್ನು ಮೇಲಕ್ಕೆ ಎಳೆದಂತೆ. ಐದು ಎಣಿಸಿ ಬಿಡಿ. ಆಮೇಲೆ ಉಸಿರು ಬಿಡುತ್ತಾ ಬಲಕ್ಕೆ ತಿರುಗಿ, ಉಸಿರು ತೆಗೆದುಕೊಳ್ಳುತ್ತಾ ನೇರಕ್ಕೆ, ಹಾಗೆಯೇ ಎಡಕ್ಕೆ. ಕಿವಿಯನ್ನು ಭುಜದ ಕಡೆಗೆ ಬಾಗಿಸಿ, ಭುಜವನ್ನು ಕಿವಿಯ ಕಡೆಗೆ ಎತ್ತಬೇಡಿ. ತಲೆಯನ್ನು ಗಾಣದಂತೆ ಪೂರ್ತಿ ಸುತ್ತಿಸುವುದು ಬೇಡ. ಅದರಿಂದ ಕೆಲವರಿಗೆ ತಲೆಸುತ್ತು ಬರುತ್ತದೆ.

ಎರಡು, ಭುಜ. ಉಸಿರು ತೆಗೆದುಕೊಳ್ಳುತ್ತಾ ಎರಡೂ ಭುಜ ಕಿವಿಯವರೆಗೆ ಎತ್ತಿ, ಹಿಂದಕ್ಕೆ ಹೊರಳಿಸಿ, ಉಸಿರು ಬಿಡುತ್ತಾ ಇಳಿಸಿ. ಹತ್ತು ಸಲ.

ಮೂರು, ಪರ್ವತಾಸನದ ಕೈ. ಎರಡೂ ಕೈಬೆರಳು ಹೆಣೆದು, ಅಂಗೈ ಹೊರಗೆ ತಿರುಗಿಸಿ, ತೋಳನ್ನು ತಲೆಯ ಮೇಲಕ್ಕೆ ಚಾಚಿ. ಮೂರು ನಾಲ್ಕು ಉಸಿರು. ಬಿಟ್ಟು, ಈ ಬಾರಿ ಹೆಣಿಗೆ ಬದಲಿಸಿ, ಅಂದರೆ ಇನ್ನೊಂದು ಕೈಯ ಹೆಬ್ಬೆರಳು ಮೇಲೆ ಬರಲಿ. ಎಷ್ಟು ವಿಚಿತ್ರ ಅನ್ನಿಸುತ್ತದೆ ನೋಡಿ! ದೇಹಕ್ಕೆ ಎಷ್ಟು ಬೇಗ ಒಂದೇ ಅಭ್ಯಾಸ ಅಂಟಿಕೊಳ್ಳುತ್ತದೆ ಎಂಬುದಕ್ಕೆ ಇದೇ ಸಾಕ್ಷಿ.

ನಾಲ್ಕು, ಮಣಿಕಟ್ಟು. ಎದೆಯ ಮುಂದೆ ನಮಸ್ಕಾರ ಮಾಡಿ, ಅಂಗೈ ಬಿಡದಂತೆ ಕೈಗಳನ್ನು ಮೆಲ್ಲಗೆ ಕೆಳಕ್ಕೆ ಇಳಿಸಿ. ಮೊಣಕೈ ಅಗಲವಾಗುತ್ತದೆ, ಮುಂಗೈಯ ಒಳಭಾಗ ಜಗ್ಗುತ್ತದೆ. ಹತ್ತು ಎಣಿಸಿ. ಆಮೇಲೆ ಮುಷ್ಟಿ ಬಿಗಿದು, ಬೆರಳುಗಳನ್ನು ಪೂರ್ತಿ ಹರವಿ. ಹತ್ತು ಸಲ. ಬೆರಳು ಜೋಮು ಹಿಡಿದರೆ ಕೂಡಲೇ ಬಿಡಿ.

ಐದು, ಕುರ್ಚಿಯ ಭರದ್ವಾಜಾಸನ. ಬಲಪಕ್ಕ ಕುರ್ಚಿಯ ಬೆನ್ನಿಗೆ ತಾಗುವಂತೆ ಅಡ್ಡ ಕುಳಿತು, ಎರಡೂ ಕೈಯಿಂದ ಕುರ್ಚಿಯ ಬೆನ್ನನ್ನು ಹಿಡಿಯಿರಿ. ಉಸಿರು ತೆಗೆದುಕೊಂಡು ಬೆನ್ನು ಉದ್ದ ಮಾಡಿ, ಉಸಿರು ಬಿಡುತ್ತಾ ಬಲಕ್ಕೆ ತಿರುಗಿ. ತಿರುಗುವುದು ಹೊಟ್ಟೆಯಿಂದ ಮೊದಲು, ಎದೆ ಆಮೇಲೆ, ತಲೆ ಕೊನೆಗೆ. ಇನ್ನೊಂದು ಪಕ್ಕವೂ ಹಾಗೆಯೇ.

ಆರು, ಎದ್ದು ನಿಂತು ಮೇಜಿನ ಅಂಚಿನ ಮೇಲೆ ಕೈ ಇಟ್ಟು ಹಿಂದಕ್ಕೆ ಹೆಜ್ಜೆ ಹಾಕುತ್ತಾ ಸೊಂಟದಿಂದ ಬಾಗಿ. ಬೆನ್ನು ಮೇಜಿನಂತೆ ಸಮತಟ್ಟಾಗಲಿ. ತೊಡೆಯ ಹಿಂಭಾಗ ಜಗ್ಗಿದರೆ ಮಂಡಿ ಸ್ವಲ್ಪ ಮಡಿಸಿ. ಐದು ಉಸಿರು. ಇಡೀ ಬೆನ್ನಿಗೆ ಇದಕ್ಕಿಂತ ಒಳ್ಳೆಯ ಉಪಚಾರ ಕಚೇರಿಯಲ್ಲಿ ಇನ್ನೊಂದಿಲ್ಲ.

ಮನೆಗೆ ಹೋದ ಮೇಲೆ ಸಮಯ ಇದ್ದವರು ತಾಡಾಸನ, ಮಾರ್ಜಾಲಾಸನ, ತಗ್ಗಿನ ಭುಜಂಗಾಸನ, ಸೇತುಬಂಧ ಇವನ್ನು ಗುರುಗಳ ಬಳಿ ಕಲಿತು ಮಾಡಿ. ಸಮಯವೇ ಇಲ್ಲದವರು ಇದೊಂದನ್ನಾದರೂ ಮಾಡಿ. ನೆಲದ ಮೇಲೆ ಅಂಗಾತ ಮಲಗಿ, ಮೀನಖಂಡಗಳನ್ನು ಕುರ್ಚಿಯ ಮೇಲೆ ಇಟ್ಟು, ತಲೆಯ ಕೆಳಗೆ ತೆಳುವಾದ ಹೊದಿಕೆ ಹಾಕಿ, ಹತ್ತು ನಿಮಿಷ ನಿಧಾನವಾಗಿ ಉಸಿರಾಡುತ್ತಾ ಇರಿ. ಫೋನ್ ಬೇರೆ ಕೋಣೆಯಲ್ಲಿರಲಿ.

ಪದೇ ಪದೇ ಕೇಳುವ ಪ್ರಶ್ನೆಗಳು

ಶೀರ್ಷಾಸನ, ಸರ್ವಾಂಗಾಸನ ಮಾಡಬಹುದೇ? ಕತ್ತುನೋವು ಇರುವವರು ಬೇಡ. ರಕ್ತದೊತ್ತಡ, ಗ್ಲಾಕೋಮಾ ಇರುವವರಂತೂ ವೈದ್ಯರನ್ನು ಕೇಳದೆ ಬೇಡವೇ ಬೇಡ.

ನೋವಾದರೂ ಮಾಡಬೇಕೇ? ಸ್ನಾಯು ಹಿತವಾಗಿ ಜಗ್ಗಿದಂತಾಗುವುದು ಸರಿ. ಚುಚ್ಚುವ, ಮಿಂಚು ಹೊಡೆದಂತಹ, ಕೈಕಾಲಿಗೆ ಇಳಿಯುವ ನೋವು ಬಂದರೆ ನಿಲ್ಲಿಸಿ. ಯೋಗ ಸ್ಪರ್ಧೆಯಲ್ಲ.

ವಿಡಿಯೋ ನೋಡಿ ಕಲಿಯಬಹುದೇ? ಈಗ ಹೇಳಿದ ಕುರ್ಚಿಯ ಅಭ್ಯಾಸಗಳಿಗೆ ತೊಂದರೆಯಿಲ್ಲ. ಉಳಿದವಕ್ಕೆ ಗುರುಗಳ ಕಣ್ಣು ಬೇಕು. ವಿಡಿಯೋ ನಿಮಗೆ ತೋರಿಸುತ್ತದೆ, ನಿಮ್ಮನ್ನು ನೋಡುವುದಿಲ್ಲ.

ಯಾವಾಗ ಚಾಪೆ ಮಡಿಸಿ ವೈದ್ಯರ ಬಳಿ ಹೋಗಬೇಕು?

ಇದನ್ನು ದಯವಿಟ್ಟು ನೆನಪಿಡಿ, ಮನೆಯಲ್ಲಿ ಹೇಳಿ. ಕೈ ಅಥವಾ ಕಾಲಿನಲ್ಲಿ ಬಲ ಕುಗ್ಗಿದರೆ, ಹಿಡಿದ ಲೋಟ ಜಾರಿ ಬೀಳುತ್ತಿದ್ದರೆ, ಹೆಬ್ಬೆರಳ ಬುಡದ ಮಾಂಸ ಸೊರಗಿದ್ದರೆ, ಜೋಮು ಬಿಡದೇ ಇದ್ದರೆ, ನೋವಿನ ಜೊತೆ ಜ್ವರ ಅಥವಾ ಕಾರಣವಿಲ್ಲದೆ ತೂಕ ಇಳಿದರೆ, ಬಿದ್ದ ಅಥವಾ ಪೆಟ್ಟಾದ ಮೇಲೆ ನೋವು ಬಂದರೆ ತಡಮಾಡಬೇಡಿ. ಸೊಂಟನೋವಿನ ಜೊತೆ ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಯ ಸಂದಿಯಲ್ಲಿ ಸ್ಪರ್ಶ ತಿಳಿಯದಿದ್ದರೆ ಅದೇ ದಿನ ಆಸ್ಪತ್ರೆಗೆ ಓಡಬೇಕು. ಎಡ ತೋಳಿನ ನೋವಿನ ಜೊತೆ ಎದೆ ಬಿಗಿತ, ಬೆವರು ಬಂದರೆ ಅದು ಮೌಸಿನ ನೋವು ಎಂದುಕೊಳ್ಳಬೇಡಿ, ಅದು ಹೃದಯದ್ದಿರಬಹುದು.

ನಿಧಿಯ ಬಗ್ಗೆ ಒಂದು ವಿನಂತಿ

ಇನ್ನು ನಮ್ಮ ಮನೆಯ ಮಾತಿಗೆ ಬರುತ್ತೇನೆ. ನಮ್ಮ ನೆರವು ನಿಧಿಯ ಈಗಿನ ನಿಯಮದಂತೆ ಆಸ್ಪತ್ರೆಗೆ ದಾಖಲಾದವರಿಗೆ ಮಾತ್ರ ಹಣ ಸಿಗುತ್ತದೆ. ಬಿಲ್ಲು ತಂದರೆ ನೆರವು. ಹಣದ ದುರುಪಯೋಗ ಆಗಬಾರದು ಎಂಬ ಒಳ್ಳೆಯ ಉದ್ದೇಶದಿಂದ ಹಿರಿಯರು ಮಾಡಿದ ನಿಯಮ ಅದು. ಆದರೆ ನಾನು ಹೇಳಿದ ಜನ ಆಸ್ಪತ್ರೆಗೆ ದಾಖಲಾಗುವುದೇ ಇಲ್ಲ. ಅವರು ಮೊದಲು ನೋವಿನ ಮಾತ್ರೆ ನುಂಗುತ್ತಾರೆ, ತಿಂಗಳುಗಟ್ಟಲೆ, ಹೊಟ್ಟೆ ಮತ್ತು ಮೂತ್ರಪಿಂಡ ಹಾಳಾಗುವಷ್ಟು. ಆಮೇಲೆ ಕೆಲಸ ಕಡಿಮೆ ಮಾಡುತ್ತಾರೆ. ಕೊನೆಗೆ ಬಿಡುತ್ತಾರೆ.

ಡಿಟಿಪಿ ಮಾಡುವ ಒಬ್ಬ ತಾಯಿ ನಮ್ಮ ಕೇಂದ್ರಕ್ಕೆ ಬಂದಾಗ ಅವರ ಹೆಬ್ಬೆರಳ ಬುಡ ಆಗಲೇ ಸೊರಗಿತ್ತು. ಒಂದು ವರ್ಷದಿಂದ ರಾತ್ರಿ ಕೈ ಒದರುತ್ತಿದ್ದರಂತೆ. ನರದ ಪರೀಕ್ಷೆಗೆ ಹಣ ಎಲ್ಲಿಂದ ತರುವುದು ಎಂದು ಮುಂದೂಡುತ್ತಾ ಬಂದಿದ್ದರು. ಅವರಿಗೆ ಶಸ್ತ್ರಚಿಕಿತ್ಸೆ ಬೇಕಾಯಿತು, ನಮ್ಮ ನಿಧಿ ನೆರವಾಯಿತು, ಅದಕ್ಕೆ ನಿಮಗೆಲ್ಲ ಕೈಮುಗಿಯುತ್ತೇನೆ. ಜೋಮು ಹೋಗಿದೆ, ಹಿಡಿತದ ಬಲ ಪೂರ್ತಿ ಬಂದಿಲ್ಲ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು. ಒಂದು ವರ್ಷ ಮೊದಲು ಪರೀಕ್ಷೆಯ ಖರ್ಚು ಕೊಡಲು ನಮಗೆ ನಿಯಮ ಇದ್ದಿದ್ದರೆ, ನಿಧಿಗೂ ಕಡಿಮೆ ಖರ್ಚು, ಅವರಿಗೂ ಕಡಿಮೆ ನಷ್ಟ.

ಇದಕ್ಕೆ ಎದುರಾಗಿ ಇನ್ನೊಂದು ಉದಾಹರಣೆ. ಹೋಟೆಲಿನ ಬಿಲ್ಲಿಂಗ್ ಕೌಂಟರಿನ ಒಬ್ಬ ಹುಡುಗ ಬಲ ಕತ್ತು ಹಿಡಿದುಕೊಂಡು ಬಂದ. ಸ್ಕ್ಯಾನ್ ಮಾಡಿಸಬೇಕೇ ಎಂದು ಹೆದರಿದ್ದ. ಅವನು ಕುಳಿತುಕೊಳ್ಳುವ ರೀತಿಯನ್ನು ಮೊಬೈಲಿನಲ್ಲಿ ಫೋಟೋ ತೆಗೆಸಿ ತರಿಸಿದೆವು. ಎತ್ತರದ ಸ್ಟೂಲು, ಕಾಲು ತೂಗಾಡುತ್ತಿತ್ತು, ಪರದೆ ಬಲಪಕ್ಕಕ್ಕೆ. ದಿನಕ್ಕೆ ನೂರಾರು ಸಲ ತಲೆ ಬಲಕ್ಕೆ ತಿರುಗುತ್ತಿತ್ತು. ಮಾಲೀಕರು ಒಪ್ಪಿ ಪರದೆಯನ್ನು ಮುಂದಕ್ಕೆ ತಂದರು, ಕಾಲಿಗೆ ಒಂದು ಹಲಗೆ ಹೊಡೆಸಿದರು, ಗಿರಾಕಿ ಕಡಿಮೆ ಇರುವ ಮಧ್ಯಾಹ್ನ ಹತ್ತು ನಿಮಿಷ ಬಿಡುವು ಕೊಟ್ಟರು. ಕುರ್ಚಿಯ ಆರು ಅಭ್ಯಾಸ ಅವನು ಕಲಿತ. ಆರು ವಾರದಲ್ಲಿ ನೋವು ಮರೆತ. ಖರ್ಚಾದದ್ದು ಒಂದು ಹಲಗೆ.

ಹಾಗಾಗಿ ಸಮಿತಿಯ ಮುಂದೆ ಮತ್ತು ದಾನಿಗಳಾದ ನಿಮ್ಮ ಮುಂದೆ ನನ್ನ ನಾಲ್ಕು ವಿನಂತಿಗಳಿವೆ.

ಮೊದಲನೆಯದು, ನಿಧಿಯ ಒಂದು ಸಣ್ಣ ಪಾಲನ್ನು ದಾಖಲಾತಿಗೆ ಮುಂಚಿನ ಖರ್ಚಿಗಾಗಿ ಮೀಸಲಿಡಿ. ವೈದ್ಯರ ಮೊದಲ ಭೇಟಿ, ರಕ್ತಪರೀಕ್ಷೆ, ಬೇಕಾದವರಿಗೆ ನರದ ಪರೀಕ್ಷೆ, ಕೆಲವು ದಿನದ ಫಿಸಿಯೋಥೆರಪಿ. ಕೇಂದ್ರದ ವೈದ್ಯರ ಚೀಟಿ ಇದ್ದವರಿಗೆ ಮಾತ್ರ ಎಂದು ನಿಯಮ ಮಾಡಿದರೆ ದುರುಪಯೋಗದ ಭಯವಿಲ್ಲ.

ಎರಡನೆಯದು, ನಮ್ಮಲ್ಲಿ ಯೋಗ ಕಲಿತ, ಕಲಿಸಬಲ್ಲ ಹಿರಿಯರೂ ಗೃಹಿಣಿಯರೂ ಅನೇಕರಿದ್ದಾರೆ. ವಾರಕ್ಕೆ ಒಂದು ಗಂಟೆ ಕೊಡಿ. ಸಂಘದ ಸಭಾಂಗಣ ಭಾನುವಾರ ಬೆಳಿಗ್ಗೆ ಖಾಲಿ ಇರುತ್ತದೆ. ಇಪ್ಪತ್ತು ಕಬ್ಬಿಣದ ಕುರ್ಚಿ ನಮ್ಮಲ್ಲೇ ಇವೆ. ಬೇಕಿರುವುದು ಕೆಲವು ಮರದ ಇಟ್ಟಿಗೆ, ಪಟ್ಟಿ, ಕಂಬಳಿ.

ಮೂರನೆಯದು, ಇಲ್ಲಿ ಕುಳಿತಿರುವ ಹೋಟೆಲ್ ಮಾಲೀಕರಿಗೆ, ಮುದ್ರಕರಿಗೆ, ಅಂಗಡಿಯವರಿಗೆ. ನೀವು ನಿಧಿಗೆ ಧಾರಾಳವಾಗಿ ಕೊಡುತ್ತೀರಿ. ನಾಳೆ ಬೆಳಿಗ್ಗೆ ನಿಮ್ಮ ಗಲ್ಲಾದ ಹುಡುಗನ ಸ್ಟೂಲನ್ನು ಒಮ್ಮೆ ನೋಡಿ. ನೀವೇ ಅದರ ಮೇಲೆ ಒಂದು ಗಂಟೆ ಕುಳಿತು ನೋಡಿ. ಆ ಕುರ್ಚಿಯನ್ನು ಬದಲಿಸುವುದೂ ವೈದ್ಯಕೀಯ ನೆರವೇ. ಹತ್ತು ಅಥವಾ ಹೆಚ್ಚು ಕೆಲಸಗಾರರಿದ್ದರೆ ಇಎಸ್‌ಐ ನೋಂದಣಿಯನ್ನೂ ಪರಿಶೀಲಿಸಿ. 2017ರಲ್ಲಿ ಅದರ ವೇತನ ಮಿತಿಯನ್ನು ತಿಂಗಳಿಗೆ 21,000 ರೂಪಾಯಿಗೆ ಏರಿಸಲಾಯಿತು. ಹಕ್ಕಿನಿಂದ ಸಿಗಬೇಕಾದ ಚಿಕಿತ್ಸೆಗೆ ನಮ್ಮ ಹುಡುಗರು ದಾನಕ್ಕಾಗಿ ಕಾಯಬಾರದು.

ನಾಲ್ಕನೆಯದು, ಎಲ್ಲರಿಗೂ. ಕುಂತು ಉಣ್ಣುವವರಿಗೆ ಕುಡಿಕೆ ಹೊನ್ನು ಸಾಲದು ಎನ್ನುತ್ತಾರೆ. ಕುಳಿತೇ ದುಡಿಯಬೇಕಾದವರ ಕುಡಿಕೆಯಲ್ಲಿ ಹೊನ್ನೂ ಇಲ್ಲ. ಅವರಿಗಾಗಿ ಈ ವರ್ಷ ನಿಮ್ಮ ದೇಣಿಗೆಯನ್ನು ಕೈಲಾದಷ್ಟು ಹೆಚ್ಚಿಸಿ. ನಿಮಗೆ ಪರಿಚಯದ ಒಬ್ಬ ಹೊಸ ದಾನಿಯನ್ನು ಸೇರಿಸಿ. ಇನ್ನೂ ಮುಖ್ಯವಾಗಿ, ನಿಮ್ಮ ಓಣಿಯಲ್ಲಿ ನೋವು ನುಂಗಿಕೊಂಡು ಕೆಲಸ ಮಾಡುತ್ತಿರುವ ಒಬ್ಬರನ್ನು ಮುಂದಿನ ಭಾನುವಾರ ಕೈಹಿಡಿದು ಕರೆತನ್ನಿ. ಅವರು ತಾವಾಗಿ ಬರುವುದಿಲ್ಲ. ಇಷ್ಟಕ್ಕೆಲ್ಲ ಕೇಳುವುದೇ ಎಂಬ ಸಂಕೋಚ ಅವರದು.

ಇಷ್ಟು ಹೊತ್ತು ಕದಲದೆ ಕುಳಿತು ಕೇಳಿದ್ದೀರಿ. ಧನ್ಯವಾದ ಹೇಳಬೇಕೋ, ಗದರಬೇಕೋ ತಿಳಿಯದು! ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ, ತೋಳು ಮೇಲಕ್ಕೆ ಚಾಚಿ, ಮೂರು ಸಲ ಉಸಿರಾಡಿ. ಆಮೇಲೆ ಕಾಫಿ.